ಭಾಗ್ಯಜ್ಯೋತಿ ವೈನಿಯ ಸೂಟಿ

ನಮ್ಮ ವೈನಿ ಭಾಗ್ಯಜ್ಯೋತಿಗೆ ನೀರೆಂದರೆ ಹೆದರಿಕೆ. ನಮ್ಮ ಮನೆಯಲ್ಲಿ ಇದು ಯಾರೂ ಪ್ರಶ್ನೆ ಮಾಡದ ಮಾತಾಗಿತ್ತು. ಆಳಂದದ ಅಡತಿ ಬಜಾರದಲ್ಲಿ ತೊಗರಿ ಚೀಲ ಹೊರುವ ಹಮಾಲರಿಗೂ ಅದು ಗೊತ್ತಿತ್ತು, ಏಕೆಂದರೆ ನಮ್ಮಣ್ಣ ಗುರುಶಾಂತ ಅಲ್ಲಿನ ನಮ್ಮ ಅಂಗಡಿಗೆ ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದ. ಬೇರೆ ಗಂಡಸರು ಹೆಂಡತಿಯ ಕೈರುಚಿ ಹೊಗಳಿದರೆ ಇವನು ಹೆಂಡತಿಯ ಹೆದರಿಕೆ ಹೊಗಳುತ್ತಿದ್ದ. ಹೆದರುವ ಹೆಂಡತಿಯನ್ನು ಕಾಯುವ ಗಂಡ ತಾನು ಎನ್ನುವುದು ಅದರೊಳಗಿನ ಹೆಮ್ಮೆ.

ವೈನಿ ನನಗಿಂತ ಒಂದು ವರ್ಷ ಚಿಕ್ಕವಳು. ಅಣ್ಣನ ಹೆಂಡತಿ ಎಂದು ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತೇನೆ, ಬರೆಯಲು ಕೂತರೆ ಏಕವಚನವೇ ಬರುತ್ತದೆ. ಅಷ್ಟು ಹತ್ತಿರದವಳು. ತವರು ಜೇವರ್ಗಿ ಕಡೆ, ಭೀಮಾ ದಂಡೆಯ ಒಂದು ಹಳ್ಳಿ. ಹೊಳೆದಂಡೆಯ ಹುಡುಗಿಗೆ ನೀರಿನ ಹೆದರಿಕೆ ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಮ್ಮ ಮನೆತನಕ್ಕೆ ಬುದ್ಧಿ ಕಡಿಮೆಯೇನಿಲ್ಲ, ಆದರೆ ಅದನ್ನೆಲ್ಲ ತೊಗರಿ ಧಾರಣೆಗೆ ಖರ್ಚು ಮಾಡಿಬಿಡುತ್ತಾರೆ.

ಬೇಸಿಗೆಯಲ್ಲಿ ಬಜಾರ ತಣ್ಣಗಾದ ಮೇಲೆ ನಮ್ಮ ಕುಟುಂಬ ಒಂದು ವಾರ ಅಫಜಲಪುರ ತಾಲೂಕಿನ ಮಣ್ಣೂರಿಗೆ ಹೋಗುತ್ತದೆ. ಅಲ್ಲಿ ಭೀಮಾ ಹೊಳೆಗೆ ಹತ್ತಿರ ಅಪ್ಪನ ಸೋದರತ್ತೆಯ ಕಲ್ಲಿನ ಮನೆ ಇದೆ. ಅವರ ಮಕ್ಕಳು ಸೊಲ್ಲಾಪುರ ಸೇರಿದ್ದರಿಂದ ಕೀಲಿ ಪಕ್ಕದ ಮನೆಯ ಮಾಳಮ್ಮನ ಹತ್ತಿರ ಇರುತ್ತದೆ. ಬೇರೆಯವರು ಮಹಾಬಳೇಶ್ವರ, ಊಟಿ ಎನ್ನುತ್ತಾರೆ. ನಮಗೆ ಸೂಟಿ ಎಂದರೆ ಮಣ್ಣೂರು. ಮದುವೆಯಾಗಿ ಕಲಬುರಗಿಗೆ ಬಂದ ಮೇಲೂ ನಾನು ಮಕ್ಕಳನ್ನು ಕರೆದುಕೊಂಡು ತಪ್ಪದೆ ಹೋಗುತ್ತೇನೆ.

ಹೆದರಿಕೆಯ ಮಾತು ಹುಟ್ಟಿದ್ದು ವೈನಿ ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ. ಬೆಳಿಗ್ಗೆ ಎಲ್ಲರೂ ಹೊಳೆಗೆ ಹೋದೆವು. ಅಪ್ಪ ದೌಲತರಾಯ ಸ್ನಾನ ಮುಗಿಸಿ, ಮೆಟ್ಟಿಲ ಮೇಲೆ ಕೂತು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ತೊಡಗಿದ್ದರು. ಮಾವ ಲಿಂಗ ಹಿಡಿದು ಕೂತಿರುವಾಗ ಹೊಸ ಸೊಸೆ ಎದುರಿಗೇ ಹೊಳೆಗೆ ಧುಮುಕುವುದುಂಟೇ? ವೈನಿ ತಲೆತುಂಬ ಸೆರಗು ಹೊದ್ದು ದಂಡೆಯಲ್ಲೇ ನಿಂತಳು. ಅವ್ವ ಸುಭದ್ರಾಬಾಯಿ ಮೊಣಕಾಲುದ್ದ ನೀರಿನಿಂದ ಕೇಳಿದಳು, "ಯಾಕಬೇ, ನೀರಂದ್ರ ಅಂಜಿಕೆ ಏನು?" ವೈನಿ ತಲೆ ಆಡಿಸಿ ಹೌದೆಂದಳು.

ಹೌದೆನ್ನದೆ ಇನ್ನೇನು ಮಾಡಿಯಾಳು? ಗಂಡನ ಮನೆಯಲ್ಲಿ ಮೊದಲ ವರ್ಷ ಹಿರಿಯರು ಏನು ಕೇಳಿದರೂ ಹೂಂ ಅನ್ನು, ಎದುರು ಮಾತಾಡಬೇಡ ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅವ್ವ "ಇನ್ನೊಂದು ರೊಟ್ಟಿ ಹಾಕಲೇನು" ಎಂದು ಕೇಳಿದಾಗಲೆಲ್ಲ ತಲೆ ಆಡಿಸಿ, ಪಾಪ, ಹೊಟ್ಟೆ ಬಿರಿಯುವ ತನಕ ತಿಂದಿದ್ದಳು. ಅದೇ ತಲೆಯಾಟ ಮರುದಿನ ಹೊಳೆಯಲ್ಲೂ ಆಯಿತು. ರೊಟ್ಟಿ ಒಂದು ರಾತ್ರಿಗೆ ಅರಗಿತು, ಇದು ಅರಗಲಿಲ್ಲ.

"ಪಾಪ, ಹುಡುಗಿ ಅಂಜತಾಳ. ಮನ್ಯಾಗ ಇರ್ಲಿ ಬಿಡು. ಬಿಸಿ ರೊಟ್ಟಿ ಆದ್ರೂ ಆಗ್ತಾವ," ಎಂದಳು ಅವ್ವ. ಕರುಣೆಯೂ ಅನುಕೂಲವೂ ಒಂದೇ ಗಾಡಿಯಲ್ಲಿ ಬಂದಿದ್ದವು. ಮರುದಿನದಿಂದ ನಾವು ಹೊಳೆಗೆ, ವೈನಿ ಹಿತ್ತಿಲ ಒಲೆಯ ಮುಂದೆ. ಮನೆತುಂಬ ಜನಕ್ಕೆ ಜೋಳದ ರೊಟ್ಟಿ ಬಡಿಯುವುದು ಆಟವಲ್ಲ. ನಾವು ನೀರಿನಲ್ಲಿ ಹಸಿವು ಮಾಡಿಕೊಂಡು ಬರುತ್ತಿದ್ದೆವು, ಅವಳು ಮುಂಡಾಸಿನಷ್ಟು ಎತ್ತರ ರೊಟ್ಟಿ ಒಟ್ಟಿ ಇಟ್ಟಿರುತ್ತಿದ್ದಳು.

ಆದರೆ ಒಂದು ಮಾತು ಹೇಳಬೇಕು. ಅವಳೊಬ್ಬಳೇ ಇರುತ್ತಿರಲಿಲ್ಲ. "ಆಕಿ ಒಬ್ಬಾಕಿನ ಹ್ಯಾಂಗ ಬಿಟ್ಟು ಬರ್ಲಿ," ಎಂದು ಅಣ್ಣನೂ ಹೊಳೆಗೆ ಬರುವುದನ್ನು ಬಿಟ್ಟ. ಹಿತ್ತಿಲಲ್ಲಿ ಮಣೆ ಹಾಕಿಕೊಂಡು, ಉಳ್ಳಾಗಡ್ಡಿ ಹೆಚ್ಚುತ್ತ, ಶೇಂಗಾ ಸಿಪ್ಪೆ ಊದುತ್ತ ಅವಳೆದುರು ಕೂತಿರುತ್ತಿದ್ದ. ಹೆಚ್ಚಿದ ಉಳ್ಳಾಗಡ್ಡಿ ನೋಡಿದರೆ ಕೊಡಲಿಯಿಂದ ಕಡಿದಂತಿರುತ್ತಿತ್ತು. ಆದರೂ ಕೂತಿರುತ್ತಿದ್ದ.

ಬೇಸಿಗೆಗಳು ಕಳೆದವು. ವೈನಿ ಒಂದು ವರ್ಷ ಬಸುರಿ, ಮರುವರ್ಷ ಬಗಲಲ್ಲಿ ಕೂಸು. ಅದೇ ಬಸವೇಶ್ವರಿ, ಅವರ ಒಬ್ಬಳೇ ಮಗಳು. ಅಪ್ಪ ತೀರಿಕೊಂಡರು. ಜೀಪು ಹೋಗಿ ಕಾರು ಬಂತು. ಹೊಳೆಯೂ ಮೊದಲಿನಂತೆ ಉಳಿಯಲಿಲ್ಲ. ಕೆಳಗೆ ಸೊನ್ನದಲ್ಲಿ ಬ್ಯಾರೇಜು ಕಟ್ಟಿ ನೀರು ತಡೆದ ಮೇಲೆ ಮಳೆ ಚೆನ್ನಾಗಿ ಆದ ವರ್ಷದ ಬೇಸಿಗೆಯಲ್ಲೂ ನಿಂತ ನೀರು ಇರುತ್ತಿತ್ತು. ಉಸುಕು ತೆಗೆದ ಕಡೆ ಗುಂಡಿ ಬಿದ್ದವು. ಕೊರೊನಾ ವರ್ಷ ಹೋಗಲಾಗಲಿಲ್ಲ. ಅದೇ ವರ್ಷದ ಮಳೆಗಾಲದ ಮಹಾಪೂರ ಮನೆಯೊಳಗೂ ಹೊಕ್ಕು, ಗೋಡೆಯ ಮೇಲೆ ಎದೆಮಟ್ಟ ಕೆಸರಿನ ಗೆರೆ ಬಿಟ್ಟು ಹೋಯಿತು. ಮಾಳಮ್ಮ ಸುಣ್ಣ ಹೊಡೆಸಿದರೂ ಆ ಗೆರೆ ಹೋಗಲಿಲ್ಲ. ಇಷ್ಟೆಲ್ಲ ಆದರೂ ಹಿತ್ತಿಲಲ್ಲಿ ವೈನಿ, ಎದುರಿಗೆ ಅಣ್ಣ, ಆ ಚಿತ್ರ ಮಾತ್ರ ಬದಲಾಗಲಿಲ್ಲ.

ನಿಜ ಗೊತ್ತಾಗಿದ್ದು ವೈನಿಯ ತಮ್ಮ ಶಾಂತಕುಮಾರನ ಮದುವೆಗೆ ಅವರ ಊರಿಗೆ ಹೋದಾಗ. ಅರಿಷಿಣ ಹಚ್ಚಿಸಿಕೊಂಡು ಕೂತಿದ್ದ ಮದುಮಗ ಮಾತಿಗೆ ಮಾತು ಬಂದು ನನಗೆ ಹೇಳಿದ, "ನಂಗ ಈಸಾಕ ಕಲಿಸಿದಾಕಿನೇ ಅಕ್ಕ. ಎಮ್ಮಿ ಬಾಲ ಹಿಡ್ಕೊಂಡು ಈಸಾಕ ಚಾಲೂ ಮಾಡಿದಾಕಿ, ಆಮ್ಯಾಲ ಬಾಲ ಬಿಟ್ಟು ಎಮ್ಮಿಗಿಂತ ಮುಂದ ಹೋಗ್ತಿದ್ಲು. ಆಚಿ ದಂಡಿ ಮುಟ್ಟಿ ಬರ್ತಿದ್ಲು. ನಿಮ್ಮ ಮುಂದ ಹೇಳಿಲ್ಲೇನ್ರಿ?"

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾವು ಮೊಣಕಾಲುದ್ದ ನೀರಿನಲ್ಲಿ ಎಮ್ಮೆಗಳ ಹಾಗೆ ಹೊರಳಾಡುವುದು, ಹೊಳೆ ದಾಟಬಲ್ಲವಳು ಒಲೆಯ ಮುಂದೆ ಬೇಯುವುದು. ವೈನಿಯನ್ನು ಹುಡುಕಿ ಮೂಲೆಗೆ ಎಳೆದು ಕೇಳಿದೆ, "ಏನ್ರಿ ಇದು? ಯಾಕ ಹೇಳಲಿಲ್ಲ?"

"ಮೊದಲ ವರ್ಷ ಮಾವಾರ ಮುಂದ ಹೇಳಾಕ ನಾಚಿಕಿ ಬಂತು," ಎಂದಳು.

"ಅದು ಮೊದಲ ವರ್ಷ ಆತು. ಆಮ್ಯಾಲ?"

ಅವಳು ಸೆರಗಿನ ತುದಿ ಹಿಡಿದು ಕೇಳಿದಳು, "ನಿಮ್ಮಣ್ಣ ಆಳಂದದಾಗ ನನ್ನ ಜೋಡಿ ಕೂತದ್ದು ಯಾವಾಗರ ನೋಡೀರೇನು?"

ನೆನಪಿಸಿಕೊಂಡೆ. ಬೆಳಗಾದರೆ ಅಂಗಡಿ, ಮಧ್ಯಾಹ್ನ ಡಬ್ಬಿ ಅಲ್ಲಿಗೇ ಹೋಗುತ್ತದೆ, ರಾತ್ರಿ ಬಂದರೆ ಕಿವಿಗೆ ಫೋನು. ಇಬ್ಬರೂ ಎದುರುಬದುರು ಕೂತಿದ್ದನ್ನು ನಾನು ನೋಡಿರಲಿಲ್ಲ.

"ವರ್ಷಕ್ಕ ಒಂದು ವಾರ ಕೂಡ್ತಾರ. ಏನೂ ಭಾಳ ಮಾತಾಡಂಗಿಲ್ಲ. ಹಳೇದು ಹೊಸದು ಹೇಳ್ತಾರ, ನಾ ಕೇಳ್ತೇನಿ. ನಂಗ ಈಸಾಕ ಬರ್ತದ ಅಂತ ಗೊತ್ತಾದ್ರ ಅವರೂ ಗಂಡಸರ ಜೋಡಿ ಹೊಳಿಗೆ ಹೋಗ್ತಾರ. ಹೊಳಿ ಬೇಕನಸ್ತದ್ರಿ, ಖರೇ. ಕನಸಿನಾಗೂ ಈಸ್ತೇನಿ. ಆದ್ರ ಇದೂ ಬೇಕಲ್ಲ."

ಯಾರಿಗೂ ಹೇಳಬಾರದೆಂದು ಕೈ ಹಿಡಿದು ಮಾತು ತೆಗೆದುಕೊಂಡಳು. ನಾನು ಹೇಳಲಿಲ್ಲ. ನನ್ನ ಬಾಯಿ ಬಲ್ಲವರಿಗೆ ಅದು ಎಂಥ ಕಷ್ಟ ಎನ್ನುವುದು ಗೊತ್ತು. ಆಮೇಲಿನ ಬೇಸಿಗೆಗಳಲ್ಲಿ ಅವಳನ್ನು ನೋಡುವಾಗ ಬೇರೆಯೇ ಕಾಣುತ್ತಿತ್ತು. ಹೊರಡುವ ದಿನ ಅವಳು ಒಮ್ಮೆ ದಂಡೆಗೆ ಬಂದು ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲುವುದು ರೂಢಿ. ಅಣ್ಣ ಮೊಣಕೈ ಹಿಡಿದುಕೊಂಡು "ಹುಷಾರು, ಜಾರ್ತದ" ಎನ್ನುತ್ತಿದ್ದ. ಅವಳು ಆಚೆ ದಂಡೆ ನೋಡುತ್ತಿದ್ದಳು. ಅತ್ತುಬಿಡುತ್ತೇನೇನೋ ಎನ್ನಿಸಿ ನಾನು ಮುಖ ತಿರುಗಿಸುತ್ತಿದ್ದೆ.

ಈ ಬೇಸಿಗೆಯಲ್ಲಿ ಆ ಚಿತ್ರ ಒಡೆಯಿತು. ಒಡೆದವಳು ಬಸವೇಶ್ವರಿ, ಈಗ ಕಲಬುರಗಿಯಲ್ಲಿ ಡಿಗ್ರಿ ಓದುವ ಹುಡುಗಿ. ಚಿಕ್ಕಂದಿನಿಂದಲೂ ಅವಳನ್ನು ಅಣ್ಣ ಹೊಳೆಗೆ ಬಿಟ್ಟವನಲ್ಲ. ತಾಯಿಯ ಕಥೆ ಕೇಳಿಯೇ ಬೆಳೆದವಳು. ಈ ಸಲ ನನ್ನ ಮಕ್ಕಳು ಅವಳ ಕೈಹಿಡಿದು ನೀರಿಗೆ ಎಳೆದುಕೊಂಡು ಹೋದರು. ಸೊಂಟಕ್ಕೆ ನೀರು ಬರುವಷ್ಟರಲ್ಲಿ ಹುಡುಗಿ ಬಿಳಿಚಿಕೊಂಡಳು, ಉಸಿರು ಸಿಕ್ಕಿಕೊಂಡಿತು, ಕೈ ಕೊಸರಿಕೊಂಡು ಮನೆಗೆ ಓಡಿಬಂದಳು. ನಾನೂ ಹಿಂದೆಯೇ ಬಂದೆ. ಹಿತ್ತಿಲಲ್ಲಿ ತನ್ನಪ್ಪನ ಪಕ್ಕ ಕೂತು ನಡುಗುತ್ತಿದ್ದಳು.

"ನಂಗ ಬರೂದಿಲ್ಲ ಬಿಡ್ರಿ ಅತ್ತಿ. ಕಾಲೇಜಿನ್ಯಾಗೂ ಗೆಳತ್ಯಾರು ಟ್ರಿಪ್ಪಿಗೆ ಹೊಂಟ್ರ ನಾ ಒಲ್ಲೆ ಅಂತೀನಿ. ಮಮ್ಮಿದೇ ನಂಗ ಬಂದದ."

ಅಣ್ಣ ಮಗಳ ತಲೆ ಸವರಿದ. "ಇರ್ಲಿ ಬಿಡವ್ವ. ತಾಯಿ ಹಂಗ ಮಗಳು."

ವೈನಿಯ ಕೈ ರೊಟ್ಟಿಯ ಮೇಲೆ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಎದ್ದರೂ ತಿರುವಲಿಲ್ಲ. ಮಗಳನ್ನೇ ನೋಡುತ್ತಿದ್ದಳು. ಆಮೇಲೆ ಹಂಚು ಇಳಿಸಿ, ಕೈ ತೊಳೆದುಕೊಂಡು, ಒಳಗೆ ಹೋಗಿ ಬಂದಳು. ಹೊಲದ ಕೆಲಸಕ್ಕೆ ಇಳಿಯುವ ಹೆಂಗಸರ ಹಾಗೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು. "ಬಾ ನನ್ನ ಜೋಡಿ," ಎಂದು ಮಗಳ ಕೈ ಹಿಡಿದಳು.

"ಎಲ್ಲಿಗೆ ಹೊಂಟಿ?" ಎಂದು ಅಣ್ಣ ಎದ್ದ. ಅವಳು ಉತ್ತರ ಕೊಡಲಿಲ್ಲ. ಮದುವೆಯಾದ ಮೇಲೆ ಅವನ ಪ್ರಶ್ನೆಗೆ ಅವಳು ಉತ್ತರ ಕೊಡದೆ ಹೋದದ್ದು ಅದೇ ಮೊದಲಿರಬೇಕು.

ಮೆಟ್ಟಿಲ ಮೇಲೆ ಮಗಳನ್ನು ಕೂರಿಸಿ, "ನೋಡ್ಕೋತ ಕೂಡು. ನನ್ನಿಂದ ನಿಂಗ ಬಂದದ್ದು ಇದು," ಎಂದು ಹೇಳಿ ನೀರಿಗಿಳಿದಳು. ಅವಳು ಎದೆಮಟ್ಟ ಹೋಗುತ್ತಲೇ, ನಮ್ಮ ಹಿಂದೆಯೇ ಬಂದಿದ್ದ ಅಣ್ಣ ದಂಡೆಯ ಮೇಲೆ ನಿಂತು ಕೂಗಿದ, "ಏ ಭಾಗ್ಯಾ, ಗುಂಡಿ ಅದ ಅಲ್ಲಿ, ಹೊರಗ ಬಾ." ಅಷ್ಟರಲ್ಲಿ ಅವಳು ತಲೆ ಮುಳುಗಿಸಿ ಎಷ್ಟೋ ದೂರ ಹೋಗಿ ಎದ್ದಳು. ನಿಧಾನವಾಗಿ ಕೈ ಬೀಸುತ್ತ ಹೊಳೆಯ ನಡುವಿಗೆ ಹೋದಳು. ಅಲ್ಲಿ ಅಂಗಾತ ಮಲಗಿ, ಮುಖ ಆಕಾಶಕ್ಕೆ ಮಾಡಿ, ಸುಮ್ಮನೆ ತೇಲಿದಳು. ಮೊಣಕಾಲು ನೋವೆಂದು ಮೆಟ್ಟಿಲ ಮೇಲೆಯೇ ಕೂತಿದ್ದ ಅವ್ವನ ಬಾಯಿ ತೆರೆದದ್ದು ತೆರೆದೇ ಇತ್ತು. ಅಣ್ಣ ಮಾತ್ರ ಕೂಗುವುದನ್ನು ನಿಲ್ಲಿಸಿ, ಇಷ್ಟು ಹೊತ್ತು ನೀರಿನ ಹೆದರಿಕೆಯಲ್ಲಿ ಬೆವೆತಿದ್ದವನು ತಾನೇ ಎನ್ನುವುದು ಆಗ ತಿಳಿದವನಂತೆ, ಕರವಸ್ತ್ರದಿಂದ ಮುಖ ಒರೆಸಿಕೊಂಡು ಮನೆಗೆ ಹೊರಟುಹೋದ.

ವೈನಿ ಮರಳಿ ಬಂದು ಮಗಳನ್ನು ಮೊಣಕಾಲುದ್ದ ನೀರಿಗೆ ಇಳಿಸಿದಳು, ಆಮೇಲೆ ಸೊಂಟದುದ್ದಕ್ಕೆ. ಬೆನ್ನ ಕೆಳಗೆ ಎರಡೂ ಕೈ ಕೊಟ್ಟು ಹಿಡಿದಳು. ಹುಡುಗಿ ಅಳುತ್ತ, ಬೈಯುತ್ತ, ಕೊನೆಗೆ ಸ್ವಲ್ಪ ತೇಲಿದಳು. ಅವತ್ತು ಮಧ್ಯಾಹ್ನ ನಮಗೆ ಮಾಳಮ್ಮನ ಮನೆಯಿಂದ ತಂದ, ಒಣಗಿಸಿಟ್ಟ ಕಟಕ್ ರೊಟ್ಟಿಯೇ ಊಟ. ಯಾರೂ ಸಾಯಲಿಲ್ಲ.

ಅಣ್ಣ ಊಟಕ್ಕೂ ಏಳಲಿಲ್ಲ. ಸಂಜೆ ಹಿತ್ತಿಲಲ್ಲಿ ವೈನಿ ಅವನ ಮುಂದೆ ಚಹಾ ಇಟ್ಟಳು. ನಾನು ಒಳಗೆ ಹಾಸಿಗೆ ಮಡಚುತ್ತಿದ್ದೆ, ಕಿವಿ ಅಲ್ಲಿಯೇ ಇತ್ತು.

"ಇಷ್ಟ ವರ್ಷ ನನ್ನ ಹುಚ್ಚ ಮಾಡಿದಿ," ಎಂದ ಅಣ್ಣ. "ನಾ ಊರಾಗೆಲ್ಲ ಹೇಳ್ಕೋತ ತಿರುಗಿದೆ. ನಿನ್ನ ಸಲುವಾಗಿ ನಾನೂ ಹೊಳಿ ಬಿಟ್ಟೆ."

"ಹೌದ್ರಿ."

"ಯಾಕ ಮಾಡಿದಿ ಹಿಂಗ?"

"ನಾ ಹೊಳಿಗೆ ಹೋಗಿದ್ರ ನೀವು ನನ್ನ ಜೋಡಿ ಕೂಡ್ತಿದ್ದಿಲ್ಲ." ವೈನಿ ಚಹಾ ಅವನ ಹತ್ತಿರ ಸರಿಸಿದಳು. "ನಂಗ ವರ್ಷಕ್ಕ ಅದೊಂದೇ ವಾರ ಇತ್ತು. ಈಗ ಅದೂ ಹೋತು. ಹೋಗ್ಲಿ, ಹುಡುಗಿ ಅಂಜಿಕ್ಯಾಗ ಇರಬಾರದು."

ಅಣ್ಣನ ಮುಂದೆ ಚಹಾ ಆರಿಹೋಯಿತು. ನನಗೆ ಹೊರಗೆ ಹೋಗಿ ಅವನ ಭುಜ ಹಿಡಿದು ಅಲುಗಿಸಬೇಕೆನ್ನಿಸಿತು.

ಮರುದಿನ ಬೆಳಿಗ್ಗೆ ಹೊಗೆಯ ವಾಸನೆಗೆ ಎಚ್ಚರವಾಯಿತು. ಹಿತ್ತಿಲಿಗೆ ಹೋಗಿ ನೋಡಿದರೆ ಅಣ್ಣ ಒಲೆ ಹೊತ್ತಿಸಿ ಅದರ ಮುಂದೆ ಕೂತಿದ್ದ. ಕೈ, ಮೊಣಕೈ, ಬನಿಯನ್ನು ಎಲ್ಲ ಜೋಳದ ಹಿಟ್ಟು. ಹಂಚಿನ ಮೇಲೆ ಯಾವ ದೇಶದ ನಕಾಶೆಯನ್ನೂ ಹೋಲದ ಒಂದು ರೊಟ್ಟಿ ಬೇಯುತ್ತಿತ್ತು. ಅವ್ವ ಗೋಡೆಗೆ ಒರಗಿ ಕೂತು, ಬಿಸಿನೀರು ಇನ್ನೂ ಬೇಕು, ಹಿಟ್ಟು ಇನ್ನೂ ನಾದು ಎಂದು ಗೊಣಗುತ್ತಿದ್ದಳು. ವೈನಿ ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಕಚ್ಚೆ ಕಟ್ಟಿದ್ದಳು, ಬಸವೇಶ್ವರಿ ಹಿಂದಿನಿಂದ ಅವಳ ಸೆರಗು ಹಿಡಿದು ಎಳೆಯುತ್ತಿದ್ದಳು. ಆದರೂ ವೈನಿಗೆ ಹೊಸ್ತಿಲು ಬಿಟ್ಟು ಹೊರಡಲಾಗುತ್ತಿರಲಿಲ್ಲ. ಹೊಳೆಯ ಕಡೆ ಒಮ್ಮೆ, ಒಲೆಯ ಕಡೆ ಒಮ್ಮೆ ನೋಡುತ್ತಿದ್ದಳು.

ಅಣ್ಣ ತಲೆ ಎತ್ತಲಿಲ್ಲ. ರೊಟ್ಟಿ ತಿರುವಲು ಹೋಗಿ ಬೆರಳು ಸುಟ್ಟುಕೊಂಡು, ಬೆರಳನ್ನು ಬಾಯಿಗಿಟ್ಟು, ಆಮೇಲೆ ಹೇಳಿದ:

"ಹೋಗಿ ಈಸಿ ಬಾ. ಬರೂತನಾ ನಾ ಇಲ್ಲೇ ಕೂತಿರ್ತೇನಿ."