ಬೆಳ್ಳಿಗೆ ತಂದ ಜೋಡಿ

ಇಂದಿಗೂ ಹತ್ತಿ ಸೀರೆಗೆಂದು ಗಂಜಿ ಕುದಿಸುವಾಗ ಅದರ ಹುಳಿ ಬೆರೆತ ಹಬೆ ಮೂಗಿಗೆ ಬಡಿದರೆ ಸಾಕು, ನಾನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿರುತ್ತೇನೆ. ಎಡಕ್ಕೆ ಅಪ್ಪನ ಮಗ್ಗ, ಬಲಕ್ಕೆ ಗಂಜಿ ಕುಡಿದು ಒಣಗಿದ ನೂಲಿನ ಲಡಿಗಳು, ನಡುವೆ ಕಿಟಕಿಯ ಬೆಳಕಿನಲ್ಲಿ ರಾಟೆಯ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿರುವ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಹಗಲಿಡೀ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುತ್ತಿರಲಿಲ್ಲ. ಗಂಜಿ ಹಾಕಿದ ನೂಲೆಂದರೆ ಇಲಿಗಳಿಗೆ ಹಬ್ಬದೂಟ. ಹಾಗಾಗಿ ನೇಕಾರರ ಮನೆಯ ಬೆಕ್ಕು ಮುದ್ದಿಗಾಗಿ ಇದ್ದದ್ದಲ್ಲ, ಕೆಲಸಕ್ಕಾಗಿ ಇದ್ದದ್ದು. ನಮ್ಮ ಬೆಕ್ಕು ಬೆಳ್ಳಿ, ಬೂದಿ ಬಣ್ಣದ, ಗಂಭೀರ ಮುಖದ ಹೆಣ್ಣು ಬೆಕ್ಕು. ಮುಂಜಾನೆ ಮಗ್ಗದ ಕೆಳಗೆ, ಮಧ್ಯಾಹ್ನ ಲಡಿಗಳ ಪಕ್ಕದಲ್ಲಿ, ಸಂಜೆ ಆಯಿಯ ತೊಡೆಯ ಹತ್ತಿರ ಅದರ ಠಾವು. ಹೊತ್ತು ತಪ್ಪುತ್ತಿರಲಿಲ್ಲ, ಜಾಗ ಬದಲಾಗುತ್ತಿರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ನನ್ನ ಅಕ್ಕ ಶಾಂತಕ್ಕನ ಮದುವೆಯಾಗಿ ಅವಳು ಮುಂಡರಗಿಗೆ ಹೋದಳು. ಅಲ್ಲಿಯವರೆಗೆ ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗಿದವರು. ನನ್ನ ತಲೆ ಬಾಚುತ್ತಿದ್ದವಳು, ಶಾಲೆಯ ಜಗಳಗಳನ್ನು ಕೇಳುತ್ತಿದ್ದವಳು ಅವಳೇ. ಅವಳು ಹೋದ ಮೇಲೆ ಆ ಕೌದಿಯನ್ನು ಮಡಿಸಿ ಹಾಸಿಗೆಯ ಗಂಟಿನ ಮೇಲಿಟ್ಟರು. ಒಂದು ದಿನ ಶಾಲೆಯಿಂದ ಬಂದಾಗ ಬೆಳ್ಳಿ ಅದರ ಮೇಲೆ ಮುದುಡಿ ಮಲಗಿತ್ತು. ನನಗೆ ಅಳು ಬಂತು. ಇದಕ್ಕೂ ಯಾರೂ ಇಲ್ಲ, ಇದಕ್ಕೊಂದು ಜೋಡಿ ಬೇಕು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟೆ. ಆಯಿಗೆ ಹೇಳಿದರೆ ಅವಳು ರಾಟೆ ನಿಲ್ಲಿಸದೆಯೇ ನಕ್ಕಳು.

"ಬೆಕ್ಕಿಗೆ ಜೋಡಿ ಬೇಕಂತ ಯಾರ ಹೇಳ್ಯಾರ ನಿನಗ? ಅದಕ್ಕ ತನ್ನ ಜಾಗಾ ಇದ್ರ ಸಾಕವ್ವಾ. ಜೋಡಿ ಬೇಕಾಗಿದ್ದು ನಿನಗ."

ನಾನು ಒಪ್ಪಲಿಲ್ಲ. ಸಂಕ್ರಾಂತಿಗೆ ಅವ್ವನ ತವರು ಹೊಂಬಳಕ್ಕೆ ಹೋದಾಗ ಸೋದರಮಾವನ ಕಾಳು ತುಂಬುವ ಹಗೇವಿನ ಬಳಿ ಆಡುತ್ತಿದ್ದ ಕೆಂಪು ಗಂಡು ಬೆಕ್ಕೊಂದನ್ನು ಹಟ ಮಾಡಿ ಕೇಳಿ ಪಡೆದೆ. ಆರು ತಿಂಗಳ ಪ್ರಾಯದ ತುಂಟ. ಬುಟ್ಟಿಯ ಮೇಲೆ ಹಳೇ ಪಂಚೆ ಕಟ್ಟಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಅದು ಅರಚಿತು, ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಂಚ ಎಂದು ಹೆಸರಿಟ್ಟೆ. ಮನೆಗೆ ಬಂದವಳೇ ಪಡಸಾಲೆಯಲ್ಲಿ ಬುಟ್ಟಿ ಬಿಚ್ಚಿ, ಬೆಳ್ಳಿಯನ್ನು ಎತ್ತಿ ತಂದು ಅದರೆದುರು ಕೂರಿಸಿದೆ. ಬೆಳ್ಳಿಯ ಮೈ ಒಮ್ಮೆಲೇ ಇಮ್ಮಡಿಯಾಯಿತು. ಬುಸುಗುಟ್ಟಿ, ನನ್ನ ಮುಂಗೈ ಪರಚಿ, ಜಂತಿಗೆ ಹಾರಿ ಕುಳಿತುಬಿಟ್ಟಿತು.

ಮುಂದಿನ ದಿನಗಳಲ್ಲಿ ಕೆಂಚ ಮನೆಯನ್ನೆಲ್ಲ ತನ್ನದಾಗಿಸಿಕೊಂಡ. ಬೆಳ್ಳಿಯ ಬಟ್ಟಲಲ್ಲಿ ಹಾಲು ಕುಡಿದ, ಮಗ್ಗದ ಕೆಳಗೆ ಮಲಗಿದ, ಆಯಿಯ ನೂಲಿನ ಉಂಡೆಯ ಜೊತೆ ಆಡಿದ. ಆಟವೆಂದು ಬೆಳ್ಳಿಯ ಬಾಲಕ್ಕೆ ಹಾರುತ್ತಿದ್ದ. ಬೆಳ್ಳಿ ಇಲಿ ಹಿಡಿಯುವುದನ್ನು ಬಿಟ್ಟಿತು, ಉಣ್ಣುವುದನ್ನು ಕಡಿಮೆ ಮಾಡಿತು, ಜಂತಿಯಿಂದ ಇಳಿಯಲು ಹೆದರುತ್ತಿತ್ತು. ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತವೆ ಎಂದು ನಾನು ಎಲ್ಲರಿಗೂ ಹೇಳುತ್ತ ತಿರುಗಿದೆ. ನಾಲ್ಕು ವಾರವಾದರೂ ಹೊಂದಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಶಾಂತಕ್ಕ ಬಸುರಿ. ಏಳನೆಯ ತಿಂಗಳಲ್ಲಿ ತವರಿನಿಂದ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸದ ಕಾರ್ಯವಿತ್ತು. ಊರವರಿಗೆಲ್ಲ ಸೀರೆ ನೇಯ್ದ ಅಪ್ಪ ಮಗಳಿಗಾಗಿ ನೇಯ್ದದ್ದು ಅದೊಂದನ್ನೇ. ಗಿಳಿಹಸಿರು ಮೈ, ಕೆಂಪು ದಡಿ. ಸೆರಗು ಮುಗಿದ ದಿನ ಅವನು ಸೀರೆಯನ್ನು ಮಗ್ಗದಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ನೋಡಿದ. ಆಮೇಲೆ ಮಡಿಸಿ ಪೆಟ್ಟಿಗೆಯ ಮೇಲಿಟ್ಟ. ಮರುದಿನ ಮುಂಜಾನೆ ಅವ್ವ ಅದನ್ನು ಎತ್ತಿಡಲು ಹೋದವಳು ಅಲ್ಲೇ ನಿಂತುಬಿಟ್ಟಳು. ಬೆಳ್ಳಿ ಅದರ ಮೇಲೆ ಉಚ್ಚೆ ಹೊಯ್ದಿತ್ತು. ದಡಿಯ ಕೆಂಪು ಹರಿದು ಹಸಿರಿಗೆ ಹಬ್ಬಿ, ಮಡಿಕೆ ಮಡಿಕೆಗೂ ಕಂದು ಕಲೆ.

ಅಪ್ಪ ಕೂಗಾಡುವ ಮನುಷ್ಯನಲ್ಲ. ಅಂದೂ ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ, "ಎರಡನ್ನೂ ಚೀಲದಾಗ ಹಾಕ್ರಿ. ಅಸುಂಡಿ ದಾರ್ಯಾಗ ಬಿಟ್ಟು ಬರ್ತೀನಿ" ಎಂದ.

"ಅಪ್ಪಾ, ಬೆಳ್ಳೀದು ತಪ್ಪಿಲ್ಲ. ಕೆಂಚನ್ನ ತಂದಾಕಿ ನಾನು" ಎಂದೆ. ಅವನು ನನ್ನ ಕಡೆ ನೋಡಲಿಲ್ಲ. ಆಗ ಆಯಿ ಗೋಡೆ ಹಿಡಿದು ಎದ್ದು ಬಂದು ಮಗನ ಕೈಯಿಂದ ಚೀಲ ಕಿತ್ತುಕೊಂಡಳು.

"ಅದಕೇನು ಬಾಯಿ ಐತೇನೋ ಹೇಳಾಕ? ಅದನ್ನ ಒಂದು ಮಾತು ಕೇಳದ ಅದರ ಮನ್ಯಾಗ ಮತ್ತೊಂದನ್ನ ತಂದು ಕುಂದ್ರಿಸೀವಿ. ತಿಂಗಳಿಡೀ ಜಂತಿ ಮ್ಯಾಲೆ ಕುಂತು ಹೇಳ್ತು, ನಮಗ ತಿಳೀಲಿಲ್ಲ."

ನಮ್ಮ ಹಿತ್ತಲಿನ ಗೋಡೆಯಾಚೆ ಹಸನಬಿ ಚಿಗವ್ವನ ಮನೆ. ಅವರದು ನೂಲಿಗೆ ಬಣ್ಣ ಹಾಕುವ ಕಸುಬು. ಮಾತು ಕೇಳಿಸಿಕೊಂಡ ಅವಳು ಗೋಡೆಯ ಮೇಲಿಂದ ತಲೆ ಹಾಕಿದಳು. "ಅಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ಆ ಕೆಂಪು ಬೆಕ್ಕು ನಮಗ ಕೊಡ್ರಿ. ಸೀರಿನೂ ಕೊಡ್ರಿ, ಕಲಿ ಮುಚ್ಚೂ ಹಂಗ ಬಣ್ಣ ಹಾಕಿಸ್ತೀನಿ."

ಅಪ್ಪ ಕೆಂಚನನ್ನೂ ಸೀರೆಯನ್ನೂ ಗೋಡೆಯಾಚೆ ಕೊಟ್ಟು, ಇನ್ನೊಂದು ಸೀರೆ ನೇಯಲು ಮತ್ತೆ ಮಗ್ಗದ ಕುಣಿಗೆ ಇಳಿದ. ಕಾರ್ಯಕ್ಕೆ ಉಳಿದದ್ದು ಆರೇ ದಿನ. ಆ ಆರು ದಿನವೂ ನಾನು ಶಾಲೆಯಿಂದ ಬಂದೊಡನೆ ಆಯಿಯ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತಿದೆ. ಬೆರಳಲ್ಲಿ ಬೊಬ್ಬೆ ಎದ್ದವು. ಮೂರನೆಯ ದಿನ ಅಪ್ಪ ಕಂಡಿಕೆಗೆ ಕೈ ಚಾಚುತ್ತ ಮೊದಲ ಬಾರಿ ನನ್ನ ಮುಖ ನೋಡಿ, "ಬಿಗಿ ಸುತ್ತು, ಸಡಲ ಆಗೇತಿ" ಎಂದ. ಅಷ್ಟು ಸಾಕಾಯಿತು ನನಗೆ. ಅಕ್ಕ ಹೊಸ ಸೀರೆಯಲ್ಲೇ ಆರತಿಗೆ ಕುಳಿತಳು. ಹಳೆಯದು ಕಡುನೀಲಿಯಾಗಿ ಗೋಡೆಯಾಚೆಯಿಂದ ಮರಳಿ ಬಂದಾಗ, "ನನಗ ಇದ ಇರಲಿ" ಎಂದು ಆಯಿ ಉಟ್ಟಳು.

ಕೆಂಚ ಹೋದ ನಾಲ್ಕನೆಯ ದಿನ ಬೆಳ್ಳಿ ಜಂತಿಯಿಂದ ಇಳಿಯಿತು. ಮನೆಯ ಮೂಲೆ ಮೂಲೆಯನ್ನೂ ಮೂಸಿ ನೋಡಿ, ಹಾಲು ಕುಡಿದು, ಮಗ್ಗದ ಕೆಳಗಿನ ತನ್ನ ಜಾಗದಲ್ಲಿ ಮಲಗಿತು. ಕೆಂಚನನ್ನು ನೋಡುವ ನೆಪದಲ್ಲಿ ನಾನು ದಿನವೂ ಹಸನಬಿ ಚಿಗವ್ವನ ಮನೆಗೆ ಹೋಗತೊಡಗಿದೆ. ಬಣ್ಣದ ಹಂಡೆಗಳ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ತಲೆ ಬಾಚಿ, ಶಾಲೆಯ ಜಗಳಗಳನ್ನು ಕೇಳಿದವಳು ಆಮೇಲೆ ಅವಳೇ. ಆಯಿ ಅಂದದ್ದು ಖರೆಯಾಗಿತ್ತು.

ಈಗ ಯಾರಾದರೂ ಬಂದು, ನಮ್ಮ ಬೆಕ್ಕು ಒಂಟಿಯಾಗಿದೆ, ಇನ್ನೊಂದು ತರಲೇ ಎಂದು ಕೇಳಿದರೆ ನಾನು ಅನುಮಾನಿಸದೆ ಬೇಡ ಎನ್ನುತ್ತೇನೆ. ಒಂದೇ ಬಸುರಲ್ಲಿ ಹುಟ್ಟಿ ಕೂಡಿ ಬೆಳೆದವುಗಳ ಮಾತು ಬೇರೆ. ವಯಸ್ಸಿಗೆ ಬಂದ, ತನ್ನ ಮನೆಯಲ್ಲಿ ತಾನು ನೆಮ್ಮದಿಯಾಗಿರುವ ಬೆಕ್ಕಿಗೆ ಬೇಕಾದದ್ದು ಅದರ ಜಾಗ, ಅದರ ಹೊತ್ತು, ಅದು ಆರಿಸಿಕೊಂಡ ಮನುಷ್ಯರು. ನಮ್ಮ ಒಂಟಿತನವನ್ನು ಅದರ ಕೊರಳಿಗೆ ಕಟ್ಟಬಾರದು.

ನಾನು ಹೈಸ್ಕೂಲು ಸೇರಿದ ವರ್ಷದ ಚಳಿಯಲ್ಲಿ ಆಯಿ ತೀರಿಕೊಂಡಳು. ಬೆಳ್ಳಿ ರಾಟೆಯ ಪಕ್ಕ ಬಿಟ್ಟು ಕದಲಲಿಲ್ಲ. ಅವ್ವನೇ ಕರಗಿ, "ಕೆಂಚನ್ನ ಕರ್ಕೊಂಡು ಬರ್ತಿಯೇನ?" ಎಂದಳು. ಬೇಡವೆಂದೆ. ದಿನವೂ ಬಟ್ಟಲು ತುಂಬಿಟ್ಟು ಅದರ ಪಾಡಿಗೆ ಅದನ್ನು ಬಿಟ್ಟೆ. ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಮುಂಜಾನೆ ಅದು ತಾನಾಗಿಯೇ ಎದ್ದು, ಹಿತ್ತಲಿನ ಗೋಡೆ ಹತ್ತಿ, ಹಸನಬಿ ಚಿಗವ್ವನ ಮಾಳಿಗೆಗೆ ಹೋಯಿತು. ಅಲ್ಲಿ ಕೆಂಚ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದ. ಬೆಳ್ಳಿ ಬುಸುಗುಟ್ಟಲಿಲ್ಲ, ಎರಡು ಮಾರು ದೂರ ಬಿಟ್ಟು, ಅವನಿಗೆ ಬೆನ್ನು ಮಾಡಿ ಕುಳಿತುಕೊಂಡಿತು.

ಇಂದು ಆ ಮಗ್ಗವಿಲ್ಲ, ಆ ಓಣಿಯಲ್ಲಿ ನೇಯುವವರೂ ಇಲ್ಲ, ನನ್ನನ್ನು ಹಾಗೆ ತಿದ್ದಿ ಕಾಯ್ದ ಆ ಹೆಂಗಸರೂ ಇಲ್ಲ. ಆದರೆ ಇದೊಂದು ನೆನಪಿದೆ: ಆಯಿ ಹೋದ ಆ ಚಳಿಗಾಲವಿಡೀ ಶಾಲೆಗೆ ಹೊರಡುವ ಮೊದಲು ನಾನು ಮಾಳಿಗೆಯತ್ತ ನೋಡುತ್ತಿದ್ದೆ. ಅವೆರಡೂ ಮೈಗೆ ಮೈ ತಾಗಿಸಿ ಮಲಗಿದ್ದನ್ನು ಒಮ್ಮೆಯೂ ಕಾಣಲಿಲ್ಲ. ಒಂದು ಬಂತೆಂದು ಇನ್ನೊಂದು ಎದ್ದು ಹೋದದ್ದನ್ನೂ ಕಾಣಲಿಲ್ಲ.