ಅಣ್ಣ ಕೊಟ್ಟ ಗಾಡಿಯ ಗೇರ್ ಆಯಿಲ್

ಅಪ್ಪ ತೀರಿಕೊಂಡ ವರ್ಷ ಅಣ್ಣ ನನಗೆ ಅಪ್ಪನ ಅಂಬಾಸಿಡರ್ ಗಾಡಿ ಕೊಟ್ಟ. ಧಾರಾಳತನವೇನೂ ಅಲ್ಲ. ಕಮಲಾಪುರದಲ್ಲಿ ಅಪ್ಪ ದುಡಿದು ಕೊಂಡ ಬಾಳೆ ತೋಟದಲ್ಲಿ ನನಗೂ ಅವನಷ್ಟೇ ಪಾಲಿತ್ತು. ಆ ಪಾಲು ಬೇಡ ಅಂತ ನಾನು ನೋಂದಣಿ ಕಚೇರಿಯಲ್ಲಿ ಸಹಿ ಹಾಕಬೇಕು, ಬದಲಿಗೆ ಗಾಡಿ ನನ್ನದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಂದು ಸೀರೆ ಉಡಿಸಿ, ಉಡಿ ತುಂಬಿ, ಸಹಿ ಹಾಕಿಸಿಕೊಂಡು ಕಳಿಸುವುದು ರೂಢಿ. ನನಗೆ ಗಾಡಿಯೇ ಸಿಕ್ಕಿತಲ್ಲ ಅಂತ ಓಣಿಯವರೆಲ್ಲ ಅಣ್ಣನನ್ನು ಹೊಗಳಿದ್ದೇ ಹೊಗಳಿದ್ದು. ನಾನೂ ಹಿಗ್ಗಿದೆ. ತೋಟಕ್ಕಿಂತ ಆ ಗಾಡಿಯ ಮೇಲೇ ನನ್ನ ಜೀವವಿತ್ತು.

ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಅದು ಸದ್ದಿಲ್ಲದೆ ಬಂತು. ಅಪ್ಪನ ಕೊನೆಯ ದಿನಗಳಲ್ಲಿ ಹಿಂದಿನ ಆಕ್ಸಲ್ ಕುಂಯ್ ಅಂತ ಕೂಗುತ್ತಿದ್ದದ್ದು ನನಗೆ ನೆನಪಿತ್ತು. ಅಣ್ಣನನ್ನು ಕೇಳಿದೆ.

"ಎಲ್ಲಾ ರಿಪೇರಿ ಮಾಡಿಸೀನಿ ತಂಗೀ. ನಿನಗ ಕೊಡೋದಂದ್ರ ಹಂಗೇ ಕೊಡ್ತೀನೇನು?" ಅಂದ. ನಂಬಿದೆ.

ಸಹಿಯ ಹಿಂದಿನ ದಿನ ರವಿವಾರ. ನಾಳೆಯಿಂದ ಗಾಡಿ ಪೂರಾ ನನ್ನದೇ ಅಲ್ಲವೇ, ಆಕ್ಸಲ್‌ನ ಗೇರ್ ಆಯಿಲ್ ಬದಲಿಸೋಣ ಅಂತ ಮನಸ್ಸಾಯಿತು. ಈ ಕೆಲಸ ಕಲಿಸಿದ್ದು ಅಪ್ಪ. ಮೊದಲು ಒಂದು ಸುತ್ತು ಓಡಿಸಿ ಆಯಿಲ್ ಬಿಸಿ ಮಾಡಬೇಕು. ತಣ್ಣಗಿದ್ದರೆ ಬೆಲ್ಲದ ಪಾಕದ ಹಾಗೆ, ಇಳಿಯುವುದೇ ಇಲ್ಲ. ಆಮೇಲೆ ಕೆಳಗಿನ ಬೋಲ್ಟ್ ಮುಟ್ಟುವ ಮುನ್ನ, ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚಿ ನೋಡಬೇಕು. ಇದ್ದದ್ದನ್ನು ಇಳಿಸಿದ ಮೇಲೆ ಅದು ಜಂಗು ಹಿಡಿದು ಬಿಚ್ಚದೇ ಹೋದರೆ ಗಾಡಿ ಅಲ್ಲೇ ಕೂತೀತು. ಸೂಪರ್ ಮಾರ್ಕೆಟ್ ತನಕ ಓಡಿಸಿಕೊಂಡು ಬಂದು, ಹಳೆಯ ಸೀರೆ ಹಾಸಿ ಗಾಡಿ ಕೆಳಗೆ ತೂರಿದೆ. ನಮ್ಮ ಮನೆಯವರು ಹೊರಗೆ ಬಂದು, ಹೊರಗೆ ಚಾಚಿದ್ದ ನನ್ನ ಕಾಲು ನೋಡಿ, ಪೇಪರ್ ಎತ್ತಿಕೊಂಡು ಒಳಗೆ ಹೋದರು.

ಕೆಳಗಿನ ಬೋಲ್ಟ್ ಬಿಚ್ಚಿದಾಗ ಒಂದಿಷ್ಟು ಆಯಿಲ್ ಸುರಿದು ನಿಂತುಬಿಟ್ಟಿತು. ತಂತಿ ಹಾಕಿ ಕೆದಕಿದೆ. ಕರ್ರಗಿನ ಲೋಳೆ, ನಾರು, ಅದರ ಹಿಂದೆಯೇ ಹಣ್ಣಿನದೊಂದು ಮೊಂಡು ತೊಟ್ಟು ಡಬ್ಬಿಗೆ ಬಿತ್ತು. ಆಕ್ಸಲ್‌ನೊಳಗಿನ ಸವೆದ ಗೇರಿನ ಕೂಗು ಅಡಗಿಸಲು ಅದರೊಳಗೆ ಕಟ್ಟಿಗೆ ಹೊಟ್ಟು ತುಂಬುವವರಿದ್ದಾರೆ, ಬಾಳೆಹಣ್ಣು ತುರುಕುವವರೂ ಇದ್ದಾರೆ. ಕೆಲವು ದಿನ ಗಾಡಿ ಸುಮ್ಮನಿರುತ್ತದೆ, ಆಮೇಲೆ ಎಲ್ಲಾ ಹಾಳು. ಹೊಟ್ಟು ಸಿಕ್ಕಿದ್ದರೆ ಯಾವನೋ ಮೇಸ್ತ್ರಿಯ ಕೆಲಸ ಅಂದುಕೊಳ್ಳುತ್ತಿದ್ದೆ. ತೊಟ್ಟನ್ನು ತೊಳೆದು ನೋಡಿದೆ. ಗಿಡ್ಡ, ದಪ್ಪ. ನಮ್ಮ ತೋಟದ ಕೆಂಪು ಬಾಳೆಯದು. ಆ ಗೊನೆಗಳ ನಡುವೆಯೇ ಬೆಳೆದವಳಿಗೆ ಗುರುತು ಸಿಗದೇ ಇರುತ್ತದೆಯೇ? ಪೇಟೆಯಲ್ಲಿ ಆ ಹಣ್ಣಿನ ಬೆಲೆ ಕೇಳಿ ಕೊಳ್ಳಲು ಜನ ಹಿಂದುಮುಂದು ನೋಡುತ್ತಾರೆ. ಅದನ್ನು ಆಕ್ಸಲ್‌ಗೆ ತುರುಕುವ ಶ್ರೀಮಂತಿಕೆ ತೋಟ ಇದ್ದವನಿಗೆ ಮಾತ್ರ.

ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಬಾಳೆಹಣ್ಣು ಕೊಟ್ಟು ತೋಟ ಬರೆಸಿಕೊಳ್ಳುತ್ತೀಯಾ, ನೋಡ್ತಿರು ಮಗನೇ ಅಂತ ಗಾಡಿ ಕೆಳಗೆ ಮಲಗಿಕೊಂಡೇ ಬೈದೆ. ಒಳಗೆ ತೆಳು ಆಯಿಲ್ ಹಾಕಿ ತೊಳೆದು, ಹೊಸ ಗೇರ್ ಆಯಿಲ್ ಮೇಲಿನ ತೂತಿನಿಂದ ತುಳುಕುವ ತನಕ ತುಂಬಿ ಬೋಲ್ಟ್ ಬಿಗಿದೆ. ಓಡಿಸಿ ನೋಡಿದೆ. ಕುಂಯ್ ಅಂತು. ನನಗೆ ಅದೇ ಬೇಕಾಗಿತ್ತು.

ಮರುದಿನ ನಾನೇ ಕಮಲಾಪುರಕ್ಕೆ ಹೋಗಿ ಅಣ್ಣನನ್ನೂ, ಸಾಕ್ಷಿ ಹಾಕಬೇಕಿದ್ದ ಕಾಕಾನನ್ನೂ ಹತ್ತಿಸಿಕೊಂಡೆ. "ನೀ ಹಿಂದ ಕೂಡು ಅಣ್ಣಾ, ಆರಾಮ ಇರ್ತದ" ಅಂದೆ. ಆಕ್ಸಲ್ ಇರುವುದು ಹಿಂದೆಯೇ. ಕಲಬುರಗಿ ಮುಟ್ಟುವ ತನಕ ಅದು ಅವನ ಕುಂಡಿ ಕೆಳಗೇ ಕೂಗಿತು.

"ಏನೋ ಕೂಗಾಕತ್ತದಲ್ಲೋ?" ಅಂದ ಕಾಕಾ.

"ಗಾಳಿ ಸಪ್ಪಳ ಕಾಕಾ" ಅಂದ ಅಣ್ಣ.

"ಅಣ್ಣಾ, ರಿಪೇರಿ ಮಾಡಿಸಿದ್ದಿ ಅಲ್ಲಾ?" ಅಂದೆ.

"ಹೂಂ, ಮಾಡಿಸೀನಿ."

ಕನ್ನಡಿಯಲ್ಲಿ ಅವನ ಮುಖ ನೋಡುತ್ತ ಇನ್ನಷ್ಟು ಜೋರು ಓಡಿಸಿದೆ. ಅವನು ಬೆವರುವುದನ್ನು ಕಂಡು ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದೇ ಒಂದು ಸಲ ತಪ್ಪಾಯಿತು ತಂಗಿ ಅಂದಿದ್ದರೆ ಸಹಿ ಹಾಕಿಬಿಡುತ್ತಿದ್ದೆನೋ ಏನೋ. ಅವನು ಕಿಟಕಿಯ ಗಾಜು ಏರಿಸಿ ಕೂತ.

ಕಚೇರಿಯಲ್ಲಿ ಅಣ್ಣ ಪೆನ್ನಿನ ಮುಚ್ಚಳ ತೆಗೆದು ಚಾಚಿದ. ನಾನು ಅವನ ಅದೇ ಕೈಯಲ್ಲಿ ಗಾಡಿಯ ಕೀಲಿ ಇಟ್ಟೆ.

"ಗಾಡಿ ನಿನಗೇ ಇರ್ಲಿ. ನಂಗ ತೋಟದಾಗ ಅರ್ಧ ಬೇಕು."

ಕಾಕಾ ಹಣೆ ಬಡಿದುಕೊಂಡ. "ಹೆಣ್ಣಮಗಳು ಪಾಲು ಕೇಳಿದ್ರ ತವರು ಉಳೀತದೇನವ್ವಾ?"

"ಅಪ್ಪನ ಗಾಡಿಗಿ ಬಾಳೆಹಣ್ಣ ತುರುಕಿದ್ರ ಉಳೀತದೇನು ಕಾಕಾ?"

ಕಾಕಾನಿಗೆ ಅರ್ಥವಾಗಲಿಲ್ಲ. ಅಣ್ಣ ತಲೆ ತಗ್ಗಿಸಿದ.

ಕೋರ್ಟಿಗೆ ಅಲೆದು ಅರ್ಧ ತೋಟ ಕಿತ್ತುಕೊಂಡೆ, ಅದೂ ಬಾವಿ ಇರುವ ಅರ್ಧ. ಅವನು ನೀರಿಗೆ ಪರದಾಡಿದ್ದು ಕೇಳಿ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಅಪ್ಪನ ಗಾಡಿಯನ್ನು ಗುಜರಿಗೆ ಹಾಕಿದನಂತೆ ಅಂತ ಸುದ್ದಿ ಬಂದ ದಿನ ಮಾತ್ರ ಊಟ ಸೇರಲಿಲ್ಲ.

ಪಂಚಮಿ ಬಂತು. ಅಣ್ಣಂದಿರು ಬಂದು ತಂಗಿಯರನ್ನು ತವರಿಗೆ ಕರೆದೊಯ್ದು ಜೋಕಾಲಿ ಆಡಿಸುವ ಹಬ್ಬ. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ನಾನೇ ಬಸ್ ಹತ್ತಿ ಹೋಗಿ, ನನ್ನ ಪಾಲಿನ ಬೇವಿನ ಮರಕ್ಕೆ, ಅವನ ಮನೆ ಬಾಗಿಲಿಗೆ ನೇರ ಕಾಣುವಂತೆ ಜೋಕಾಲಿ ಕಟ್ಟಿಸಿದೆ. ಅತ್ತಿಗೆ ಒಮ್ಮೆ ಇಣುಕಿ ಕದ ಹಾಕಿಕೊಂಡಳು. ಸೆರಗು ಬಿಗಿದು ಹಲಗೆಯ ಮೇಲೆ ನಿಂತೆ. ಅವನ ಕಣ್ಣಿಗೆ ಬೀಳುವಷ್ಟು ಎತ್ತರ ಜೀಕಬೇಕಿತ್ತು. ಚಿಕ್ಕಂದಿನಲ್ಲಿ ಹಿಂದೆ ನಿಂತು ನನ್ನನ್ನು ತೂಗುತ್ತಿದ್ದವನು ಅವನೇ. ಹಲಗೆ ನಿಂತಲ್ಲೇ ನಿಂತಿತ್ತು. ಕೆಳಗಿಳಿದು, ನಾನೇ ನೆಲ ಒದ್ದು, ಮತ್ತೆ ಹತ್ತಿದೆ.