ನಿಲ್ಲಲು ಬಾರದ ಕಾರು

ಓಡದ ಕಾರನ್ನು ದೂರುವವರನ್ನು ನೀವು ಬೇಕಾದಷ್ಟು ಕಂಡಿರಬಹುದು. ನನ್ನ ಕಾರಿನ ಜಾತಕವೇ ಬೇರೆ. ಅದು ಚೆನ್ನಾಗಿಯೇ ಓಡುತ್ತಿತ್ತು. ನಿಲ್ಲಲು ಮಾತ್ರ ಬರುತ್ತಿರಲಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲೆತ್ತಿದರೆ ಸಾಕು, ಎರಡು ಸಲ ಕೆಮ್ಮಿ ಎಂಜಿನ್ ಆರಿಹೋಗುತ್ತಿತ್ತು.

ಎಂಬತ್ತರ ದಶಕದ ಆರಂಭ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಎಂಜಿನಿಯರ್. ಬೇರೆಯವರು ಮಾಡಿದ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆಸೆಯುವ ಹುದ್ದೆ. ಅಂಥವನಿಗೆ ಸ್ವಂತ ಕಾರಿನ ರೋಗಕ್ಕೆ ಗೊತ್ತಿದ್ದದ್ದು ಒಂದೇ ಮದ್ದು: ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರಿನ ಹೊರಗಿನ ಸ್ಕ್ರೂ ತಿರುಗಿಸುವುದು. ಬಿಗಿ ಮಾಡಿದರೆ ಎಂಜಿನ್ ಆರುತ್ತಿರಲಿಲ್ಲ, ಆದರೆ ಕ್ಲಚ್ ಬಿಟ್ಟೊಡನೆ ಕಾರು ಹೋರಿಯಂತೆ ನುಗ್ಗುತ್ತಿತ್ತು. ಸಡಿಲಿಸಿದರೆ ಮತ್ತೆ ಕೆಮ್ಮು.

ಕಾರು ನಿಂತಾಗಲೂ ಎಂಜಿನ್ ಮೆಲ್ಲಗೆ ಗುನುಗುತ್ತಿರಬೇಕು. ಈ ಗುನುಗಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಇದ್ದದ್ದು ಸೋಮಾರಿತನ ಎಂಬರ್ಥದ ಇಂಗ್ಲಿಷ್ ಹೆಸರು, ಐಡ್ಲಿಂಗ್. ಇಟ್ಟವನು ಗಂಡಸೇ ಇರಬೇಕು. ಹಾಲು ಉಕ್ಕದಂತೆ ಒಲೆಯ ಮುಂದೆ ಸುಮ್ಮನೆ ನಿಂತವರನ್ನು ಅವನು ನೋಡಿರಲಿಕ್ಕಿಲ್ಲ.

ನನ್ನ ಹೆಂಡತಿ ವಿಮಲಾ ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಪರೀಕ್ಷೆಯ ದಿನ ದಿಬ್ಬದ ಮೇಲೆ ಕಾರು ಮೂರು ಸಲ ಆರಿತು. ಇನ್ಸ್‌ಪೆಕ್ಟರು, "ಮೇಡಂ, ನೀವು ಬಸ್ಸಲ್ಲೇ ಓಡಾಡಿ, ಆರಾಮಾಗಿರುತ್ತೆ" ಎಂದು ಕಾಗದ ಹಿಂದಿರುಗಿಸಿದರು. ಆಕೆ ಅಳಲಿಲ್ಲ. ಮನೆಗೆ ಬಂದು ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಅಷ್ಟೆ. ಮೂರನೆಯ ದಿನ, "ಸೋಮವಾರ ಮತ್ತೆ ಟೆಸ್ಟು. ಈ ಸಲ ಫೇಲಾದ್ರೆ ನಾನಲ್ಲ ಕಣ್ರೀ, ನೀವು" ಎಂದಳು.

ಭಾನುವಾರ ಬೆಳಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೂತೆ. ನಾವು ನಾಗಸಂದ್ರದಲ್ಲಿ ಬಾಡಿಗೆಗಿದ್ದೆವು. ಮನೆಯ ಒಡತಿ ಮುನಿತಾಯಮ್ಮ ದ್ರಾಕ್ಷಿ ತೋಟದಿಂದ ಬಂದವರು ಕುಕ್ಕೆ ಇಳಿಸಿ ಸ್ವಲ್ಪ ಹೊತ್ತು ನೋಡಿದರು.

"ಮೂಗು ಕಟ್ಟಿದ್ರೆ ಕಿವಿ ಹಿಂಡಿದಂಗೈತೆ ಸ್ವಾಮಿ ನೀವು ಮಾಡ್ತಿರೋದು" ಎಂದರು. "ನಮ್ ನೀರೆತ್ತೋ ಇಂಜಿನ್ನೂ ಇಂಗೇ ಆಡ್ತಿತ್ತು. ಒಳಗೊಂದು ಸಣ್ಣ ತೂತೈತೆ. ಬಿಚ್ಚಿ, ಊದಿ."

ನಾನು ತಂತಿ ಹುಡುಕಲು ಎದ್ದೆ.

"ತಂತಿ ಆಕ್ಬೇಡಿ, ತೂತು ದೊಡ್ಡದಾಗೋಯ್ತದೆ. ಪೆಟ್ರೋಲ್‌ನಾಗೆ ನೆನೆಸಿ ಊದಿ."

ಕಾರ್ಬುರೇಟರ್ ಬಿಚ್ಚಿದಾಗ ಸಾಸಿವೆ ಕಾಳಿಗಿಂತಲೂ ಕಿರಿದಾದ ರಂಧ್ರದ ಹಿತ್ತಾಳೆಯ ತುಣುಕೊಂದು ಅಂಗೈಗೆ ಬಂತು. ನೆನೆಸಿ ಊದಿದೆ. ಬಾಯೆಲ್ಲ ಪೆಟ್ರೋಲ್ ವಾಸನೆ. ಮೂರನೆಯ ಸಲ ಊದಿದಾಗ ಕಪ್ಪು ಅಂಟಿನ ಚೂರೊಂದು ಹೊರಬಿತ್ತು. ಮತ್ತೆ ಜೋಡಿಸಿ ಚಾಲೂ ಮಾಡಿ ಕಾಲೆತ್ತಿದೆ. ಕೆಮ್ಮು ಬರಲಿಲ್ಲ. ಒಳಗಿನಿಂದ ಓಡಿಬಂದ ವಿಮಲಾ ಬಾನೆಟ್ ಮೇಲೆ ಕೈಯಿಟ್ಟು, ಮಗುವಿನ ಜ್ವರ ಇಳಿದಾಗ ನಗುವವರ ಹಾಗೆ ನಕ್ಕಳು.

ಸೋಮವಾರ ದಿಬ್ಬದ ಮೇಲೆ ಇನ್ಸ್‌ಪೆಕ್ಟರು ಕಾರನ್ನು ಎರಡು ಸಲ ನಿಲ್ಲಿಸಿ ನೋಡಿದರು, ಎಂಜಿನ್ ಆರಲಿಲ್ಲ. "ಹೋಗ್ಬನ್ನಿ ಮೇಡಂ" ಎಂದು ರುಜು ಹಾಕಿದರು.

ಅಂದು ಸಂಜೆ ವಿಮಲಾ ಮುನಿತಾಯಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸುತ್ತಾಡಿಸಲು ಹೊರಟಳು. ನನಗೆ ಸಿಕ್ಕಿದ್ದು ಹಿಂದಿನ ಸೀಟು. ರೈಲ್ವೆ ಗೇಟು ಮುಚ್ಚಿತ್ತು. ಎಷ್ಟು ಹೊತ್ತಾದರೂ ರೈಲು ಬರಲಿಲ್ಲ. ಎಂಜಿನ್ ಮಾತ್ರ ಮೆಲ್ಲಗೆ ಗುನುಗುತ್ತಲೇ ಇತ್ತು. ಇಬ್ಬರೂ ಹೆಂಗಸರು ಮಾತಿನಲ್ಲಿ ಮುಳುಗಿದ್ದರು. ಯಾರಿಗೂ ನನ್ನ ಸಲಹೆ ಬೇಕಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಗೇಟು ಬೇಗ ತೆರೆಯದಿರಲಿ ಎನ್ನಿಸಿತು.